ಹುಟ್ಟಿದ್ದು ಬಿಡುಗಡೆಗೆ ಮೊದಲೋ, ಆಮೇಲೋ: ಹರ್ಕ್ಯುಲೇನಿಯಮ್‌ನ ಒಂದು ದಾವೆಯ ಅಧ್ಯಯನ

ಕ್ರಿ.ಶ. 75ರ ಸುಮಾರಿಗೆ, ನೇಪಲ್ಸ್ ಕೊಲ್ಲಿಯ ದಡದಲ್ಲಿದ್ದ ಹರ್ಕ್ಯುಲೇನಿಯಮ್ ಎಂಬ ಸಣ್ಣ ಪಟ್ಟಣದ ಹುಡುಗಿಯೊಬ್ಬಳ ಇಡೀ ಬಾಳು ಒಂದೇ ಪ್ರಶ್ನೆಯ ಮೇಲೆ ನಿಂತಿತ್ತು. ಅವಳ ತಾಯಿಗೆ ದಾಸ್ಯದಿಂದ ಬಿಡುಗಡೆ ಸಿಕ್ಕಿದ್ದು ಅವಳು ಹುಟ್ಟುವ ಮೊದಲೋ, ಹುಟ್ಟಿದ ಮೇಲೋ? ಕಾನೂನುಬದ್ಧ ಮದುವೆಯಿಲ್ಲದೆ ಹುಟ್ಟಿದ ಮಗುವಿಗೆ ಹೆರಿಗೆಯ ಹೊತ್ತಿನಲ್ಲಿ ತಾಯಿಗೆ ಯಾವ ಸ್ಥಾನವಿತ್ತೋ ಅದೇ ಸ್ಥಾನ ಎನ್ನುವುದು ರೋಮನ್ ಕಾನೂನಿನ ನಿಯಮ. ಬಿಡುಗಡೆ ಮೊದಲಾಗಿದ್ದರೆ ಹುಡುಗಿ ಜನ್ಮತಃ ಸ್ವತಂತ್ರಳು. ಆಮೇಲಾಗಿದ್ದರೆ ಅವಳು ದಾಸಿಯಾಗಿ ಹುಟ್ಟಿ, ಮುಂದೆ ಒಬ್ಬ ಒಡೆಯನ ಅಥವಾ ಒಡತಿಯ ಕೈಯಿಂದ ಬಿಡುಗಡೆ ಪಡೆದವಳು, ಬದುಕಿರುವವರೆಗೂ ಅವರ ಹಂಗಿನಲ್ಲಿ ಇರಬೇಕಾದವಳು. ಈ ದಾವೆಯ ಕಾಗದಪತ್ರಗಳು, ಎಂದರೆ ಮೇಣ ಬಳಿದ ಮರದ ಹಲಗೆಗಳು, 1938ರಲ್ಲಿ ಅಮೆದೆಯೊ ಮಯೂರಿಯವರ ಉತ್ಖನನದಲ್ಲಿ ಊರಿನ ಮುಖ್ಯ ಬೀದಿಯ ಒಂದು ದೊಡ್ಡ ಮನೆಯ ಮೇಲಂತಸ್ತಿನಲ್ಲಿ ಸಿಕ್ಕವು. ಮೇಣ ಕರಗಿಹೋಗಿ ಮರ ಇದ್ದಿಲಾಗಿದ್ದರೂ ಕಬ್ಬಿಣದ ಕಂಟ ಮೇಣವನ್ನು ದಾಟಿ ಮರದ ಮೇಲೆ ಕೊರೆದ ಗೀರುಗಳು ಉಳಿದಿದ್ದವು. ಅವನ್ನು ಮೊದಲು ಅರಾಂಜೊ-ರೂಯಿಸ್ ಮತ್ತು ಪುಲ್ಯೇಸೆ ಕರ್ರಾತೆಲ್ಲಿ ಓದಿದರು. ಇತ್ತೀಚೆಗೆ ಜುಸೆಪ್ಪೆ ಕಮೊದೇಕಾ ಮತ್ತೆ ಓದಿ ಹಲವು ಸಾಲುಗಳನ್ನು ತಿದ್ದಿದ್ದಾರೆ.

ಪಕ್ಷಗಾರರ ಹೆಸರುಗಳು ಹಲಗೆಗಳಲ್ಲಿ ಸ್ಪಷ್ಟವಾಗಿಯೇ ಇವೆ. ಆದರೆ ಇಲ್ಲಿ ಗಮನ ಇರಬೇಕಾದದ್ದು ಯಾರು ಯಾವ ಹೊತ್ತಿನಲ್ಲಿ ಏನು ತೀರ್ಮಾನಿಸಿದರು ಎಂಬುದರ ಮೇಲೆ. ಆದ್ದರಿಂದ ಅವರನ್ನು ಯಜಮಾನ, ಅವನ ಹೆಂಡತಿ (ಮುಂದೆ ವಿಧವೆ), ತಾಯಿ, ಹುಡುಗಿ, ಕಾರ್ಯಸ್ಥ ಎಂದಷ್ಟೇ ಕರೆಯುತ್ತೇನೆ.

ಹಿನ್ನೆಲೆ

ಯಜಮಾನ ಊರಿನಲ್ಲಿ ಅನುಕೂಲವಂತನಾಗಿದ್ದವನು. ಅವನ ಮನೆಯಲ್ಲಿ ದಾಸಿಯಾಗಿದ್ದ ತಾಯಿಗೆ ಅವನೇ ಬಿಡುಗಡೆ ಕೊಟ್ಟಿದ್ದ. ಆ ಪದ್ಧತಿಯಂತೆ ಅವನ ಕುಲನಾಮವೇ ಅವಳ ಹೆಸರಿಗೆ ಸೇರಿತ್ತು. ಅವಳಿಗೆ ಒಂದು ಹೆಣ್ಣುಮಗು ಹುಟ್ಟಿತು. ಮಗುವಿನ ತಂದೆ ಯಾರೆಂದು ಯಾವ ಹಲಗೆಯೂ ಹೇಳುವುದಿಲ್ಲ. ಯಜಮಾನನೇ ಇರಬೇಕು ಎಂದು ಊಹಿಸಿದವರು ಉಂಟು, ಆದರೆ ದಾವೆಯ ಮಟ್ಟಿಗೆ ಅದು ಬೇಕಾಗಿಯೂ ಇರಲಿಲ್ಲ: ಕಾನೂನುಬದ್ಧ ಮದುವೆಯಿಲ್ಲದೆ ಹುಟ್ಟಿದ ಮಗುವಿಗೆ ಕಾನೂನಿನ ಕಣ್ಣಿನಲ್ಲಿ ತಂದೆಯೇ ಇಲ್ಲ. ಅಂಥ ಮಗು ಸ್ವತಂತ್ರವಾಗಿ ಹುಟ್ಟಿದ್ದರೆ ಹೆಸರಿನಲ್ಲಿ ತಂದೆಯ ಜಾಗಕ್ಕೆ 'ಸ್ಪುರಿಯಸ್' ಎಂದು ಬರೆದುಕೊಳ್ಳುವ ರೂಢಿಯಿತ್ತು. ಈ ಹುಡುಗಿಯೂ ತನ್ನನ್ನು ಸ್ಪುರಿಯಸ್‌ನ ಮಗಳು ಎಂದೇ ಹೇಳಿಕೊಂಡಳು.

ಮಗು ಯಜಮಾನನ ಮನೆಯಲ್ಲಿಯೇ ಬೆಳೆಯಿತು. ಗಂಡಹೆಂಡಿರು ಅದನ್ನು ಸ್ವಂತ ಮಗಳಂತೆ ನೋಡಿಕೊಳ್ಳುತ್ತಿದ್ದುದಾಗಿ ಹೇಳಿಕೊಂಡಿದ್ದರು ಎಂಬುದು ಸಾಕ್ಷಿಗಳ ಮಾತಿನಿಂದ ತಿಳಿಯುತ್ತದೆ. ಸ್ವಲ್ಪ ಕಾಲದ ಮೇಲೆ ತಾಯಿ ಆ ಮನೆ ಬಿಟ್ಟು ಬೇರೆ ನಿಂತಳು, ಕೈಯಲ್ಲಿ ನಾಲ್ಕು ಕಾಸು ಮಾಡಿಕೊಂಡಳು. ಇದು ಆ ಊರಿನಲ್ಲಿ ಅಪರೂಪವೇನಲ್ಲ. ಹರ್ಕ್ಯುಲೇನಿಯಮ್‌ನಲ್ಲಿ ಸಿಕ್ಕ, ನಾಗರಿಕರ ಹೆಸರುಗಳನ್ನು ಕೊರೆದ ಅಮೃತಶಿಲೆಯ ಪಟ್ಟಿಯಲ್ಲಿ ದಾಸ್ಯದಿಂದ ಹೊರಬಂದವರ ಪಾಲು ದೊಡ್ಡದು. ಯಜಮಾನನ ಹೆಂಡತಿಯ ಹೆಸರೂ ಗ್ರೀಕ್ ಮೂಲದ್ದಾದ್ದರಿಂದ ಅವಳೂ ಒಂದು ಕಾಲಕ್ಕೆ ದಾಸಿಯಾಗಿದ್ದಿರಬಹುದು ಎಂಬ ಅನುಮಾನ ವಿದ್ವಾಂಸರಿಗೆ ಇದೆ. ಹಾಗಿದ್ದಲ್ಲಿ ಈ ಕತೆಯಲ್ಲಿ ಎದುರುಬದುರು ನಿಂತವರೆಲ್ಲ ಒಂದೇ ಏಣಿಯ ಹತ್ತಿರ ಹತ್ತಿರದ ಮೆಟ್ಟಿಲುಗಳ ಮೇಲಿದ್ದವರು.

ತಾಯಿ ಮನೆ ಬಿಟ್ಟಾಗ ಮಗಳನ್ನು ಯಾಕೆ ಜೊತೆಗೆ ಕರೆದೊಯ್ಯಲಿಲ್ಲ ಎಂಬ ಪ್ರಶ್ನೆಗೆ ಹಲಗೆಗಳಲ್ಲಿ ಉತ್ತರವಿಲ್ಲ. ಹೊಸದಾಗಿ ಬಿಡುಗಡೆಗೊಂಡವಳಿಗೆ ಹೊರಗೆ ನೆಲೆ ಸಿಗುವವರೆಗೆ ಮಗು ಅನುಕೂಲಸ್ಥರ ಮನೆಯಲ್ಲಿರುವುದೇ ಲೇಸೆಂದು ತೋರಿರಬೇಕು. ಮುಂದೆ ತೊಡಕಾದದ್ದು ಮಗುವನ್ನು ಬಿಟ್ಟುಹೋದದ್ದರಿಂದ ಅಲ್ಲ, ಬಿಟ್ಟುಹೋಗುವಾಗ ಆ ಮಗುವಿನ ಸ್ಥಾನ ಏನೆಂದು ಯಾರೂ ಎಲ್ಲಿಯೂ ಬರೆದಿಡದೆ ಇದ್ದುದರಿಂದ.

ಬರೆದಿಡಲು ಸರ್ಕಾರಿ ದಾರಿಯೂ ಅವಳಿಗೆ ಮುಚ್ಚಿತ್ತು. ಅಗಸ್ಟಸ್‌ನ ಕಾಲದಿಂದ ಮಕ್ಕಳ ಜನನವನ್ನು ಅಧಿಕಾರಿಗಳ ಮುಂದೆ ಘೋಷಿಸಿ ದಾಖಲಿಸುವ ವ್ಯವಸ್ಥೆ ಇತ್ತಾದರೂ ಮದುವೆಯಿಂದ ಹುಟ್ಟದ ಮಕ್ಕಳಿಗೆ ಆ ಪುಸ್ತಕದಲ್ಲಿ ಜಾಗವಿರಲಿಲ್ಲ. ಅಂಥವರ ತಾಯಂದಿರು ಬೇಕಾದರೆ ಸಾಕ್ಷಿಗಳನ್ನು ಕೂಡಿಸಿ ಖಾಸಗಿಯಾಗಿ ಒಂದು ಹೇಳಿಕೆ ಬರೆಸಿ ಮೊಹರು ಹಾಕಿಸಿಕೊಳ್ಳಬಹುದಿತ್ತು. ಅದೇ ಊರಿನ ಇನ್ನೊಂದು ಮನೆಯ ಹಲಗೆಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ದಾಸ್ಯದಿಂದ ಬಿಡುಗಡೆಗೊಂಡರೂ ಪೂರ್ಣ ಪೌರತ್ವ ಸಿಗದೆ 'ಜೂನಿಯನ್ ಲ್ಯಾಟಿನ್' ಎಂಬ ಅರೆ ಸ್ಥಾನದಲ್ಲಿದ್ದ ಒಬ್ಬ ಗೃಹಸ್ಥ, 60ನೇ ಇಸವಿಯ ಜುಲೈ 24ರಂದು ತನಗೆ ಹುಟ್ಟಿದ ಮಗಳ ಜನನವನ್ನು ಕೂಡಲೇ ಬರೆಸಿಟ್ಟ. ಮದುವೆಯಾಗಿ, ಮಗುವಿಗೆ ಒಂದು ವರ್ಷ ತುಂಬಿದ್ದನ್ನು ತೋರಿಸಿದರೆ ಅಂಥವರಿಗೆ ಪೌರತ್ವ ಸಿಗುತ್ತಿತ್ತು. ಅವನಿಗೂ 62ರಲ್ಲಿ ಸಿಕ್ಕಿತು. ಬರೆಸಿದರೆ ಲಾಭವಿದೆ ಎಂದು ಗೊತ್ತಿದ್ದವನು ಬರೆಸಿದ. ನಮ್ಮ ಪ್ರಕರಣದ ತಾಯಿಗೆ ಆ ಕ್ಷಣದಲ್ಲಿ ಬರೆಸಬೇಕಾದ ಒತ್ತಡ ಯಾವುದೂ ಇರಲಿಲ್ಲ.

ಮೊದಲ ವ್ಯಾಜ್ಯ ಮತ್ತು ರಾಜಿ

ಸ್ವಂತ ಕಾಲ ಮೇಲೆ ನಿಂತ ತಾಯಿ ಮಗಳನ್ನು ಕೊಡಿ ಎಂದು ಕೇಳಿದಳು. ಮನೆಯವರು ಒಪ್ಪಲಿಲ್ಲ. ಮಾತು ಬೆಳೆದು ವ್ಯಾಜ್ಯಕ್ಕೆ ತಿರುಗಿತು. ಕೊನೆಗೆ ಯಜಮಾನನ ಕಡೆಯವನೇ ಆದ ಕಾರ್ಯಸ್ಥ, ಅವನೂ ಅದೇ ಯಜಮಾನನಿಂದ ಬಿಡುಗಡೆ ಪಡೆದವನು, ನಡುವೆ ನಿಂತು ಮಾತುಕತೆ ನಡೆಸಿದ. ಇಷ್ಟು ವರ್ಷ ಮಗುವನ್ನು ಸಾಕಿದ ಖರ್ಚನ್ನು ತಾಯಿ ತೆರಬೇಕು, ಅವರು ಮಗುವನ್ನು ಒಪ್ಪಿಸಬೇಕು ಎಂದು ತೀರ್ಮಾನವಾಯಿತು. ಮಗಳು ತಾಯಿಯ ಮನೆ ಸೇರಿದಳು.

ಈ ಪ್ರಕರಣದ ನಿಜವಾದ ತಿರುವು ಇದೇ ಎಂದು ನನ್ನ ಎಣಿಕೆ, ಆಗ ಅದು ಯಾರಿಗೂ ಹಾಗೆ ಕಂಡಿರಲಾರದು. ಸಾಕಿದ ಖರ್ಚು ಕೊಟ್ಟು ಮಗುವನ್ನು ಹಿಂದಕ್ಕೆ ಪಡೆಯುವುದು ಎಂದರೆ ಆ ಮಗುವನ್ನು ಸ್ವತಂತ್ರವೆಂದು ಎರಡೂ ಕಡೆಯವರು ಒಪ್ಪಿಕೊಂಡಂತೆಯೇ. ಮಗು ದಾಸಿಯಾಗಿದ್ದರೆ ಒಡೆಯ ಬೆಲೆ ಕೇಳುತ್ತಿದ್ದ, ಊಟಬಟ್ಟೆಯ ಲೆಕ್ಕವನ್ನಲ್ಲ. ಕೊಟ್ಟ ಹಣ ಒಂದೇ ಆದರೂ ಯಾವ ಬಾಬತ್ತಿಗೆ ಕೊಟ್ಟದ್ದು ಎನ್ನುವುದರ ಮೇಲೆ ಒಬ್ಬಳ ಸ್ಥಾನವೇ ನಿರ್ಧಾರವಾಗುತ್ತದೆ. ಎಸೆದ ಮಕ್ಕಳನ್ನು ಎತ್ತಿಕೊಂಡು ದಾಸರಾಗಿ ಬೆಳೆಸುವುದು ಸಾಮ್ರಾಜ್ಯದಲ್ಲೆಲ್ಲ ಇದ್ದ ಪರಿಪಾಠವಾದ್ದರಿಂದ ಸಾಕಿದ ಖರ್ಚಿನ ಈ ಪ್ರಶ್ನೆ ಮತ್ತೆ ಮತ್ತೆ ಏಳುತ್ತಿತ್ತು. ಮೂರೂವರೆ ದಶಕಗಳ ನಂತರ ಬಿಥೀನಿಯಾ ಪ್ರಾಂತ್ಯದ ಅಧಿಕಾರಿ ಪ್ಲಿನಿ ಇದನ್ನೇ ಚಕ್ರವರ್ತಿ ಟ್ರಾಜನ್‌ನ ಮುಂದಿಟ್ಟಾಗ, ಸ್ವತಂತ್ರರಾಗಿ ಹುಟ್ಟಿದವರು ಸಾಕಿದ ಖರ್ಚು ತೆತ್ತು ತಮ್ಮ ಸ್ವಾತಂತ್ರ್ಯವನ್ನು ಕೊಂಡುಕೊಳ್ಳಬೇಕಾಗಿಲ್ಲ ಎಂದು ಅವನು ಉತ್ತರಿಸಿದ. ನಮ್ಮ ತಾಯಿಯ ಕಾಲಕ್ಕೆ ಆ ಉತ್ತರ ಇನ್ನೂ ಬಂದಿರಲಿಲ್ಲ. ಅವಳು ಹಣ ಕೊಟ್ಟಳು.

ಆದರೆ ಆ ರಾಜಿಯಲ್ಲಿ ಮಗು ಸ್ವತಂತ್ರವಾಗಿ ಹುಟ್ಟಿದ್ದು ಎಂಬ ಮಾತನ್ನು ಯಜಮಾನನ ಕೈಯಿಂದ ಬರೆಸಿಕೊಂಡ ಕುರುಹು ಉಳಿದ ಹಲಗೆಗಳಲ್ಲಿಲ್ಲ. ಅಂಥ ಪತ್ರವೊಂದು ಇದ್ದಿದ್ದರೆ ಮುಂದೆ ಅಷ್ಟೊಂದು ಜನರ ಬಾಯಿಯ ಮಾತನ್ನು ಸಂಗ್ರಹಿಸುವ ಪಾಡು ಬರುತ್ತಿರಲಿಲ್ಲ. ಜಗಳ ಇದ್ದದ್ದು ಮಗು ಯಾರ ಮನೆಯಲ್ಲಿರಬೇಕು ಎಂಬುದರ ಬಗ್ಗೆ. ಅದು ಬಗೆಹರಿದ ಕೂಡಲೇ ಎಲ್ಲರೂ ಎದ್ದುಹೋದರು.

ಎರಡನೆಯ ವ್ಯಾಜ್ಯ

ಯಜಮಾನ ತೀರಿಕೊಂಡ. ತಾಯಿಯೂ ತೀರಿಕೊಂಡಳು. ಈ ಹಲಗೆಗಳನ್ನು ಓದಿದವರ ಸಾಮಾನ್ಯ ಅಭಿಪ್ರಾಯದಂತೆ ಅದಾದ ಮೇಲೆಯೇ ವಿಧವೆ ಹೊಸ ವಾದ ಎತ್ತಿದಳು: ಹುಡುಗಿ ಹುಟ್ಟಿದಾಗ ಅವಳ ತಾಯಿ ಇನ್ನೂ ದಾಸಿಯಾಗಿದ್ದಳು, ಆದ್ದರಿಂದ ಹುಡುಗಿಯೂ ದಾಸಿ, ಅವಳಿಗೆ ಬಿಡುಗಡೆ ಕೊಟ್ಟವಳು ನಾನು. ಹುಟ್ಟು ಮತ್ತು ಬಿಡುಗಡೆಯ ಹಿಂದುಮುಂದು ಖಚಿತವಾಗಿ ಬಲ್ಲ ಇಬ್ಬರೂ ಇಲ್ಲವಾದ ಹೊತ್ತನ್ನು ಅವಳು ಆರಿಸಿಕೊಂಡದ್ದು ಆಕಸ್ಮಿಕವಿರಲಾರದು.

ಇದರಲ್ಲಿ ಅವಳಿಗೆ ಬರುತ್ತಿದ್ದುದೇನು ಎಂಬುದನ್ನು ಕಾನೂನಿನ ಅಕ್ಷರಗಳಲ್ಲಿಯೇ ನೋಡಬಹುದು. ಕ್ರಿ.ಶ. 4ರ ಏಲಿಯ ಸೆಂಟಿಯ ಶಾಸನದಂತೆ, ಮೂವತ್ತು ವರ್ಷ ತುಂಬದ ದಾಸರಿಗೆ ಬಿಡುಗಡೆ ಕೊಟ್ಟರೆ, ತಕ್ಕ ಕಾರಣವನ್ನು ಒಂದು ಮಂಡಲಿಯ ಮುಂದೆ ತೋರಿಸಿದ ಹೊರತು ಅವರು ರೋಮನ್ ಪೌರರಾಗುತ್ತಿರಲಿಲ್ಲ; ಮೇಲೆ ಹೇಳಿದ ಜೂನಿಯನ್ ಲ್ಯಾಟಿನ್ ಸ್ಥಾನವಷ್ಟೇ ಅವರಿಗೆ ಸಿಗುತ್ತಿತ್ತು. ಅಂಥವರು ಬದುಕಿರುವವರೆಗೆ ಸ್ವತಂತ್ರರಂತೆ ಓಡಾಡಿಕೊಂಡಿರಬಹುದು, ದುಡಿಯಬಹುದು, ಗಳಿಸಬಹುದು. ಆದರೆ ಸತ್ತ ಮರುಗಳಿಗೆ ಅವರ ಗಳಿಕೆಯೆಲ್ಲ, ದಾಸನ ಬಳಿ ಇದ್ದ ಪುಡಿಗಂಟು ಒಡೆಯನಿಗೆ ಹೋಗುವ ಹಾಗೆ, ಬಿಡುಗಡೆ ಕೊಟ್ಟವರಿಗೆ ಹೋಗುತ್ತಿತ್ತು. ಉಯಿಲು ಬರೆದು ತಪ್ಪಿಸುವಂತಿರಲಿಲ್ಲ. ವಿಧವೆಯ ವಾದ ಗೆದ್ದರೆ ಹುಡುಗಿ ಈ ಸಾಲಿಗೆ ಸೇರುವ ಸಂಭವವೇ ಹೆಚ್ಚು. ಅದಲ್ಲದೆ ಬಿಡುಗಡೆಗೊಂಡವರು ತಾವು ಹುಟ್ಟು ಸ್ವತಂತ್ರರೆಂದು ಹೇಳಿಕೊಂಡು ಆ ಮರ್ಯಾದೆಗಳನ್ನು ಅನುಭವಿಸಿದರೆ ಅದನ್ನು ಶಿಕ್ಷಿಸುವ ವಿಸೆಲಿಯ ಶಾಸನ 24ನೇ ಇಸವಿಯಿಂದ ಜಾರಿಯಲ್ಲಿತ್ತು. ಹುಡುಗಿಯ ಪಾಲಿಗೆ ಸುಮ್ಮನಿರುವುದೂ ಅಪಾಯ, ಸೋಲುವುದೂ ಅಪಾಯ. ಒಂದು ಸಣ್ಣ ವಿಚಿತ್ರವೆಂದರೆ, ಇಷ್ಟೆಲ್ಲದರ ನಂತರವೂ ಅವಳಿಗೆ ಮುಂದೆ ಹುಟ್ಟುವ ಮಕ್ಕಳು ಹೇಗಿದ್ದರೂ ಸ್ವತಂತ್ರರೇ. ಏಟು ಬೀಳುವುದು ಅವಳೊಬ್ಬಳ ಮೇಲೆ, ಅವಳ ಆಸ್ತಿಯ ಮೇಲೆ.

ಇಂಥ ಪ್ರಶ್ನೆಯನ್ನು ಊರಿನ ಅಧಿಕಾರಿಗಳು ತೀರ್ಮಾನಿಸುವಂತಿರಲಿಲ್ಲ; ಸುಮಾರು 200 ಕಿಲೋಮೀಟರಿಗೂ ದೂರದ ರೋಮಿಗೆ ಹೋಗಬೇಕಿತ್ತು. ಇಂಥ ದಿನ, ಇಂಥ ಹೊತ್ತಿಗೆ, ಅಗಸ್ಟಸ್‌ನ ಫೋರಮ್ ಎಂಬ ಚೌಕದಲ್ಲಿ ನಗರ ಪ್ರೇಟರ್ ಎಂಬ ನ್ಯಾಯಾಧಿಕಾರಿಯ ಪೀಠದ ಮುಂದೆ ಹಾಜರಾಗುತ್ತೇವೆ, ತಪ್ಪಿದರೆ ಇಷ್ಟು ಹಣ ತೆರುತ್ತೇವೆ ಎಂದು ಪಕ್ಷಗಾರರು ಮುಚ್ಚಳಿಕೆ ಬರೆದುಕೊಟ್ಟರು. ಈ ಮುಚ್ಚಳಿಕೆಗಳ ಒಂದು ಸಾಲು ಇಡೀ ದಾವೆಯ ತಿರುಳನ್ನು ಬಿಚ್ಚಿಡುತ್ತದೆ. ವಿಧವೆಯ ಕಡೆಯಿಂದ ಬರೆದಾಗ ಹುಡುಗಿಯ ಹೆಸರನ್ನು ನೇರವಾಗಿ ಹಾಕದೆ, 'ತಾನು ಸ್ಪುರಿಯಸ್‌ನ ಮಗಳಾದ ಇಂಥವಳು ಎಂದು ಹೇಳಿಕೊಳ್ಳುವವಳು' ಎಂದು ಬರೆಯಲಾಗಿದೆ. ಹೆಸರನ್ನು ಒಪ್ಪಿಕೊಂಡರೆ ದಾವೆಯನ್ನೇ ಒಪ್ಪಿಕೊಂಡಂತೆ. ಹುಡುಗಿ ಇಟ್ಟುಕೊಂಡದ್ದು ತಾಯಿಯಿಂದ ಬಂದ ಕುಲನಾಮ. ವಿಧವೆಯೇ ಅವಳನ್ನು ಬಿಡುಗಡೆ ಮಾಡಿದ್ದು ನಿಜವಾದರೆ ಅವಳ ಹೆಸರಿಗೆ ವಿಧವೆಯ ಕುಲನಾಮ ಸೇರಬೇಕಿತ್ತು. ಲಿಪಿಕಾರನಿಗೆ ಇದು ಚೆನ್ನಾಗಿ ಗೊತ್ತಿತ್ತು.

ಸಾಕ್ಷಿಗಳು

ಎರಡೂ ಕಡೆಯವರು ಪ್ರಮಾಣದ ಹೇಳಿಕೆಗಳನ್ನು ಕಲೆಹಾಕಿದರು. ಪ್ರತಿಯೊಂದೂ ಚಕ್ರವರ್ತಿ ವೆಸ್ಪಾಸಿಯನ್ ಮತ್ತು ಅವನ ಮಕ್ಕಳ ಅಧಿದೈವದ ಮೇಲೆ ಆಣೆಯಿಟ್ಟು, 'ಬರೆದಿದ್ದೇನೆ, ಪ್ರಮಾಣ ಮಾಡಿದ್ದೇನೆ' ಎಂಬ ಧಾಟಿಯಲ್ಲಿ ಆರಂಭವಾಗುತ್ತದೆ. ಹೆಚ್ಚಿನ ಸಾಕ್ಷಿಗಳು ಹುಡುಗಿ ಹುಟ್ಟಿದ್ದನ್ನಾಗಲೀ ತಾಯಿ ಬಿಡುಗಡೆಗೊಂಡದ್ದನ್ನಾಗಲೀ ಕಣ್ಣಾರೆ ಕಂಡವರಲ್ಲ. ಯಾವತ್ತೋ ನಡೆದ ಒಂದು ಮಾತುಕತೆ, ಯಾರೋ ಯಾರಿಗೋ ಹೇಳಿದ ಒಂದು ವಾಕ್ಯ, ಮನೆಯಲ್ಲಿ ಮಗುವನ್ನು ನಡೆಸಿಕೊಂಡ ರೀತಿ, ಇವನ್ನು ನೆನೆದು 'ಇದರಿಂದ ನನಗೆ ಗೊತ್ತು' ಎಂದು ಅವರು ತೀರ್ಮಾನಕ್ಕೆ ಬರುತ್ತಾರೆ.

ವಿಧವೆಯ ಪರವಾಗಿ ನಿಂತವರಲ್ಲಿ ಒಬ್ಬ ಅವಳಿಂದಲೇ ಬಿಡುಗಡೆ ಪಡೆದವನು. ಅವನಿಗೆ ಓದುಬರಹ ಬಾರದು. ಅವನ ಕೋರಿಕೆಯಂತೆ, ಅವನ ಎದುರಿಗೇ, ತನಗೆ ಅಕ್ಷರ ಬಾರದೆಂದು ಅವನು ಹೇಳಿದ್ದರಿಂದ ಬರೆದುಕೊಟ್ಟಿದ್ದೇನೆ ಎಂದು ಬಿಕ್ಕಲಂ ಹಾಕಿದವನು ಮೊದಲೇ ತಿಳಿಸುತ್ತಾನೆ. ತನಗೆ ಬಿಡುಗಡೆ ಕೊಟ್ಟಾಗಲೇ ಒಡತಿ ಹುಡುಗಿಯನ್ನೂ ಜೊತೆಯಲ್ಲಿಯೇ ಬಿಡುಗಡೆ ಮಾಡಿದಳು, ಆದ್ದರಿಂದ ಹುಡುಗಿ ಅವಳಿಂದ ಬಿಡುಗಡೆಗೊಂಡವಳೆಂದು ತನಗೆ ಗೊತ್ತು, ಎಂದು ಅವನ ಸಾಕ್ಷ್ಯ. ಮಾತು ನೇರವಾಗಿದೆ, ಕಣ್ಣಾರೆ ಕಂಡದ್ದೇ ಆಗಿದೆ. ಆದರೆ ಸಾಕ್ಷಿಯ ಮೇಲೆ ಒಡತಿಯ ಹಿಡಿತ ಎಷ್ಟೆಂಬುದನ್ನು ವಿಚಾರಣೆಗೆ ಕೂತ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ತನ್ನ ಗಂಡನ ದಾಸಿಯಾಗಿದ್ದವಳ ಮಗು ತನ್ನ ಕೈಗೆ ಹೇಗೆ ಬಂತು ಎಂಬುದನ್ನೂ ವಿಧವೆ ವಿವರಿಸಬೇಕಿತ್ತು. ಗಂಡನ ಆಸ್ತಿಯ ಜೊತೆ ಬಂದದ್ದು ಎನ್ನಬಹುದು, ಆದರೆ ಗಂಡ ಬದುಕಿದ್ದಾಗಲೇ ಮಗುವನ್ನು ತಾಯಿಗೆ ಒಪ್ಪಿಸಿದ್ದು ನಿಜವಾದರೆ ಆ ದಾರಿಯೂ ಕಿರಿದಾಗುತ್ತದೆ.

ಎದುರುಗಡೆ, ಹುಡುಗಿಯ ಪರವಾಗಿ, ಅಂದು ರಾಜಿ ಮಾಡಿಸಿದ ಆ ಕಾರ್ಯಸ್ಥನೇ ನಿಂತ. ಹುಡುಗಿ ತಾಯಿಗೆ ಸ್ವತಂತ್ರಳಾಗಿಯೇ ಹುಟ್ಟಿದವಳು, ಸಾಕಿದ ಖರ್ಚನ್ನು ತೆಗೆದುಕೊಂಡು ಮಗಳನ್ನು ಅವಳಿಗೆ ಹಿಂದಿರುಗಿಸುವಂತೆ ಯಜಮಾನ ಮತ್ತು ಅವನ ಹೆಂಡತಿಯೊಡನೆ ಮಾತನಾಡಿದವನು ನಾನೇ, ಇದರಿಂದ ನನಗೆ ಗೊತ್ತು ಎಂದು ಅವನು ತನ್ನ ಕೈಯಾರೆ ಬರೆದುಕೊಟ್ಟ. ಇದಕ್ಕೆ ತೂಕ ಬರುವುದು ಅವನು ಏನು ಹೇಳಿದ ಎಂಬುದರಿಂದ ಎಷ್ಟೋ, ಅವನು ಯಾರು ಎಂಬುದರಿಂದಲೂ ಅಷ್ಟೇ. ಹೆಂಗಸರು ಕಾನೂನಿನ ಮುಖ್ಯ ವ್ಯವಹಾರಗಳಿಗೆ ಒಬ್ಬ ಪಾಲಕನ ಒಪ್ಪಿಗೆ ಪಡೆಯಬೇಕೆಂಬ ನಿಯಮ ಆಗ ಇತ್ತು, ಅಗಸ್ಟಸ್ ನಿಗದಿ ಮಾಡಿದಷ್ಟು ಮಕ್ಕಳನ್ನು ಹೆತ್ತವರಿಗೆ ಮಾತ್ರ ವಿನಾಯಿತಿ. ವಿಧವೆಯ ಪಾಲಕನಾಗಿ ಅವಳ ಮುಚ್ಚಳಿಕೆಗೆ ಒಪ್ಪಿಗೆ ಕೊಟ್ಟವನು ಇದೇ ಕಾರ್ಯಸ್ಥ. ಅಂದರೆ ದಾವೆಗೆ ಅವಳ ಬೆನ್ನ ಹಿಂದೆ ನಿಂತು ಒಪ್ಪಿಗೆ ಕೊಟ್ಟವನೇ ಸಾಕ್ಷ್ಯ ಹೇಳುವಾಗ ಅವಳ ಎದುರಿಗೆ ನಿಂತ. ಅವನು ಹಾಗೇಕೆ ಮಾಡಿದ ಎಂದು ಅವನು ಬರೆದಿಲ್ಲ. ರಾಜಿ ಮಾಡಿಸಿದವನಿಗೆ ಆ ರಾಜಿ ಸುಳ್ಳೆಂದು ಒಪ್ಪಿಕೊಳ್ಳುವುದು ತನ್ನ ಮಾತಿನ ಬೆಲೆಯನ್ನೇ ಕಳೆದುಕೊಂಡಂತೆ, ಸಣ್ಣ ಊರಿನಲ್ಲಿ ವ್ಯವಹಾರಸ್ಥನಿಗೆ ಅದು ಸಣ್ಣ ನಷ್ಟವಲ್ಲ, ಎಂದಷ್ಟು ಊಹಿಸಬಹುದು. ಹಾಗೂ ಅವನ ಹಳೆಯ ಒಡೆಯ ಈ ವಿಧವೆಯ ಗಂಡ. ನಿಷ್ಠೆ ಸತ್ತವನ ಮಾತಿಗೋ ಬದುಕಿರುವವಳ ಲಾಭಕ್ಕೋ ಎಂಬ ಇಕ್ಕಟ್ಟಿನಲ್ಲಿ ಅವನು ಒಂದನ್ನು ಆರಿಸಿಕೊಂಡ.

ಏನಾಯಿತು

ತೀರ್ಪು ಬರೆದ ಹಲಗೆ ಸಿಕ್ಕಿಲ್ಲ. 75 ಮತ್ತು 76ರ ಸುಮಾರಿಗೆ ದಾವೆ ನಡೆಯುತ್ತಿತ್ತು. 79ರಲ್ಲಿ ವೆಸೂವಿಯಸ್ ಸ್ಫೋಟಿಸಿ ಊರು ಹೂತುಹೋದಾಗ ಸುಮಾರು 18 ಹಲಗೆಗಳ ಈ ಕಡತ ಯಾರೋ ಜೋಪಾನ ಮಾಡಿದಂತೆಯೇ ಮನೆಯಲ್ಲಿತ್ತು. ಉಳಿದಿರುವ ಸಾಕ್ಷ್ಯವನ್ನು ಮಾತ್ರ ತೂಗಿದರೆ ತಕ್ಕಡಿ ಹುಡುಗಿಯ ಕಡೆಗೆ ಬಾಗುತ್ತದೆ ಎಂದು ನನಗೆ ತೋರುತ್ತದೆ, ಅದಕ್ಕೆ ಕಾರ್ಯಸ್ಥನ ಹೇಳಿಕೆಯೊಂದೇ ಸಾಕು. ಆದರೂ ಕಡತದಲ್ಲಿ ಯಾರ ಕಡೆಯ ಹಲಗೆಗಳು ಹೆಚ್ಚು ಉಳಿದಿವೆ ಎನ್ನುವುದು ನಮ್ಮ ತೂಕವನ್ನೂ ಬಾಗಿಸಬಲ್ಲದು.

ಪ್ರಕರಣದಿಂದ ಕಲಿಯಬೇಕಾದದ್ದು ತೀರ್ಪಿನಲ್ಲಿಲ್ಲ, ಅದಕ್ಕೆ ಮುಂಚಿನ ಹೆಜ್ಜೆಗಳಲ್ಲಿದೆ. ಮೊದಲ ರಾಜಿಯಲ್ಲಿ ಹಣ ಕೈ ಬದಲಾಯಿಸಿತು, ಮಗು ಮನೆ ಬದಲಾಯಿಸಿತು, ಆದರೆ ಆ ಕೊಡುಕೊಳುಗೆಗೆ ಆಧಾರವಾಗಿದ್ದ ಸಂಗತಿಯನ್ನು, ಎಂದರೆ ಮಗು ಸ್ವತಂತ್ರವಾಗಿ ಹುಟ್ಟಿದ್ದು ಎಂಬುದನ್ನು, ಯಜಮಾನ ಬದುಕಿದ್ದಾಗಲೇ ಅವನ ಕೈಯಿಂದ ಬರೆಸಿಕೊಳ್ಳಬಹುದಿತ್ತು. ಅವನಿಗೂ ಅವನ ಹೆಂಡತಿಗೂ ಅಂದು ಅದನ್ನು ನಿರಾಕರಿಸುವ ಕಾರಣವಿರಲಿಲ್ಲ, ಹಣ ತೆಗೆದುಕೊಂಡಾಗಲೇ ಒಪ್ಪಿಕೊಂಡಾಗಿತ್ತು. ವಿಧವೆಯ ಕಡೆಯಿಂದ ನೋಡಿದರೂ ಲೆಕ್ಕ ತಪ್ಪಿದ್ದು ಅಲ್ಲಿಯೇ: ಸತ್ತವರಿಬ್ಬರನ್ನು ಬಿಟ್ಟರೆ ಸಾಕ್ಷಿಯೇ ಇಲ್ಲವೆಂದು ಎಣಿಸಿದ ಅವಳು, ಖರ್ಚಿನ ಮಾತುಕತೆಯಲ್ಲಿ ಕೂತಿದ್ದ ಮೂರನೆಯವನೊಬ್ಬ ತನ್ನ ಪಾಲಕನಾಗಿ ಪಕ್ಕದಲ್ಲಿಯೇ ಇದ್ದಾನೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಅಥವಾ ಅವನು ಬಾಯಿ ಬಿಡಲಾರ ಎಂದು ನಂಬಿದಳು.

ಇಂಥ ವ್ಯಾಜ್ಯಗಳ ಕಾಟ ರಾಜ್ಯಕ್ಕೂ ತಟ್ಟಿತ್ತು. ಸ್ವತಂತ್ರವಾಗಿ ಹುಟ್ಟಿದ ಪ್ರತಿ ಮಗುವನ್ನೂ ಮೂವತ್ತು ದಿನದೊಳಗೆ ರೋಮಿನ ಸ್ಯಾಟರ್ನ್ ದೇವಾಲಯದಲ್ಲಿದ್ದ ಖಜಾನೆಯ ಅಧಿಕಾರಿಗಳ ಮುಂದೆ, ಪ್ರಾಂತ್ಯಗಳಲ್ಲಾದರೆ ಸಾರ್ವಜನಿಕ ಲಿಪಿಕಾರರ ಮುಂದೆ ದಾಖಲಿಸಬೇಕೆಂದು ಮುಂದಿನ ಶತಮಾನದಲ್ಲಿ ಚಕ್ರವರ್ತಿ ಮಾರ್ಕಸ್ ಆರೀಲಿಯಸ್ ಆಜ್ಞೆ ಮಾಡಿದ ಎಂದು ಅವನ ಪ್ರಾಚೀನ ಜೀವನಚರಿತ್ರೆ ಹೇಳುತ್ತದೆ. ಸ್ವಾತಂತ್ರ್ಯದ ದಾವೆಗಳಲ್ಲಿ ಪುರಾವೆಯಾಗಲಿ ಎಂಬುದೇ ಅದಕ್ಕೆ ಕೊಟ್ಟ ಕಾರಣ. ದಾಖಲೆ ಬಂದ ಮಾತ್ರಕ್ಕೆ ಜಗಳ ತೀರಲಿಲ್ಲ. ಗಂಡ ಬಿಟ್ಟ ಗರ್ಭಿಣಿಯೊಬ್ಬಳು ಮಗನನ್ನು ಹೆತ್ತು, ಅವನು ಊರಲ್ಲಿಲ್ಲದಾಗ ಮಗುವನ್ನು ತಂದೆಯಿಲ್ಲದವನೆಂದು ಬರೆಸಿದ ಪ್ರಸಂಗವೊಂದು ರೋಮನ್ ನ್ಯಾಯಶಾಸ್ತ್ರಜ್ಞರ ಮುಂದೆ ಬಂದಿತ್ತು. ದಾಖಲೆ ಏನೇ ಹೇಳಲಿ, ನಿಜಕ್ಕೆ ಅಲ್ಲಿ ಇನ್ನೂ ಜಾಗವಿದೆ ಎಂದು ಅವರು ಉತ್ತರಿಸಿದರು. ಎಂದರೆ ಪುಸ್ತಕದಲ್ಲಿ ಬರೆದದ್ದರ ವಿರುದ್ಧವೂ ಸಾಕ್ಷಿಗಳನ್ನು ಕರೆತಂದು ವಾದಿಸಲು ಅವಕಾಶ ಉಳಿಯಿತು.